ಹಿತ್ತಲಿನ ಆ್ಯಶ್ ಮರಕ್ಕೆ ಕೊರಕ: ಉಳಿಸಿಕೊಂಡವರು ದಯವಿಟ್ಟು ಹೇಳಿ

ಹಿಲ್ಸ್‌ಬೊರೊ, ಆರೆಗನ್‌ನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ಎರಡು ದೊಡ್ಡ ಆ್ಯಶ್ ಮರಗಳಿವೆ. ಈ ಮನೆ ಕೊಂಡಿದ್ದೇ ಅವುಗಳ ನೆರಳು ನೋಡಿ. 2022ರಲ್ಲಿ ಪಕ್ಕದ ಫಾರೆಸ್ಟ್ ಗ್ರೋವ್‌ನಲ್ಲಿ ಎಮರಾಲ್ಡ್ ಆ್ಯಶ್ ಬೋರರ್ ಅನ್ನೋ ಮರ ಕೊರೆಯೋ ದುಂಬಿ ಸಿಕ್ಕಾಗಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ. ಈ ಸಲ ಒಂದು ಮರದ ತಲೆ ಬೋಳಾಗ್ತಾ ಬಂದಿದೆ. ಔಷಧಿ ಹಾಕಿಸಿದವರು ಯಾರಾದರೂ ಇದ್ದೀರಾ? ನಾವೇ ಹಾಕಬಹುದಾ? ಚಿಕ್ಕಮಗಳೂರಲ್ಲಿ ಅಪ್ಪ ಕಾಂಡ ಕೊರಕಕ್ಕೆ ಅಂತ ಕಾಫಿ ಗಿಡಕ್ಕೆ ಸುಣ್ಣ ಬಳಿಸ್ತಿದ್ದರು. ಅದು ಇಲ್ಲಿ ನಡೆಯುತ್ತಾ?

ನೇಪರ್‌ವಿಲ್, ಇಲಿನಾಯ್‌ನಿಂದ:

ನಮ್ಮಲ್ಲೂ ಎರಡೇ ಇದ್ದವು. ಒಂದು ಹೋಯಿತು, ಇನ್ನೊಂದು ಇವತ್ತಿಗೂ ನಿಂತಿದೆ. ಉಳಿದ ಮರಕ್ಕೆ ಹೊತ್ತಿಗೆ ಸರಿಯಾಗಿ ಔಷಧಿ ಬಿತ್ತು, ಹೋದದ್ದಕ್ಕೆ ತಡವಾಯಿತು, ಅಷ್ಟೇ.

ಕಾಂಡದಲ್ಲಿ ತೂತು ಕಂಡ ಮೇಲೆ ನೋಡೋಣ ಅಂತ ಕೂತಿದ್ದೆ. ಅದೇ ತಪ್ಪಾಯ್ತು. ದೊಡ್ಡ ಮರದಲ್ಲಿ ಈ ಹುಳ ಮೊದಲು ಹತ್ತೋದು ಮೇಲಿನ ಕೊಂಬೆಗಳಿಗೆ. ನಮ್ಮ ಕಣ್ಣಿನ ಎತ್ತರಕ್ಕೆ ತೂತು ಇಳಿದು ಬರೋ ಹೊತ್ತಿಗೆ ಮೇಲೆ ಕೆಲವು ವರ್ಷದ ಕೆಲಸ ಮುಗಿದಿರುತ್ತೆ. ನನಗೆ ಮೊದಲು ಸುಳಿವು ಕೊಟ್ಟಿದ್ದು ಮರಕುಟಿಗ. ಚಳಿಗಾಲದಲ್ಲಿ ತೊಗಟೆಯ ಸಿಪ್ಪೆ ಕಿತ್ತು ಕಿತ್ತು ಹಾಕಿ ಕೊಂಬೆ ಅಲ್ಲಲ್ಲಿ ಬೆಳ್ಳಗಾಗಿತ್ತು, ಕೆಳಗೆ ಹಿಮದ ಮೇಲೆ ಚಕ್ಕೆ ಬಿದ್ದಿತ್ತು. ಹಕ್ಕಿಯೇ ಮರ ಹಾಳು ಮಾಡ್ತಿದೆ ಅಂದುಕೊಂಡು ಓಡಿಸಿದೆ. ಪಾಪ, ಅದು ಒಳಗಿನ ಹುಳ ತಿನ್ನೋಕೆ ಬಂದಿತ್ತು.

ಮರ ಕಡಿಸಿದ ದಿನ ಸಡಿಲಾಗಿದ್ದ ತೊಗಟೆಯನ್ನು ಕೈಯಲ್ಲೇ ಎಬ್ಬಿಸಿದೆ. ಅಡಿಯಲ್ಲಿ ಹಾವು ಹರಿದ ಹಾಗೆ ಅಂಕುಡೊಂಕು ಜಾಡು, ಅದರ ತುಂಬ ಒತ್ತಿ ತುಂಬಿದ ಕಂದು ಹುಡಿ. ಒಂದು ಜಾಡಿನ ಕೊನೆಯಲ್ಲಿ ಕೆನೆ ಬಣ್ಣದ ಚಪ್ಪಟೆ ಹುಳ, ಒಂದಿಂಚು ಉದ್ದ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ತೊಗಟೆಯಡಿಯ ತೆಳು ಪದರದಲ್ಲೇ. ಸುತ್ತಲೂ ಕೊರೆದುಬಿಟ್ಟರೆ ಮರ ಉಪವಾಸ ಬಿದ್ದು ಸಾಯುತ್ತೆ. ಹುಳ ಬೆಳೆದು ದುಂಬಿಯಾಗಿ ಹೊರಬಂದ ತೂತು ಬರೀ 3 ಮಿ.ಮೀ., ಒಂದು ಬದಿ ಚಪ್ಪಟೆ, ಅರ್ಧಚಂದ್ರದ ಹಾಗೆ. ದುಂಡಗಿದ್ದರೆ ಅದು ಬೇರೆ ಹುಳದ್ದು.

ಸುಣ್ಣದ ವಿಷಯ. ಕಾಫಿಯಲ್ಲಿ ಕೊರಕ ಮೊಟ್ಟೆ ಇಡೋದು ಕೈಗೆಟುಕುವ ಮುಖ್ಯ ಕಾಂಡದ ಬಿರುಕಲ್ಲಿ, ಹಾಗಾಗಿ ಅಲ್ಲಿ ಸುಣ್ಣಕ್ಕೆ ಅರ್ಥ ಇದೆ. ಇಲ್ಲಿ ಅರವತ್ತು ಅಡಿ ಮೇಲಿನ ಕೊಂಬೆಗೆ ಯಾರು ಬಳಿಯೋದು? ಔಷಧಿ ಮರದ ಒಳಗಿಂದಲೇ ಏರಬೇಕು.

ಎಮಾಮೆಕ್ಟಿನ್ ಬೆಂಜೊಯೇಟ್ ಅಂತ ಕೇಳಿ. ಊರಲ್ಲಿ ಮೆಕ್ಕೆಜೋಳದ ಸೈನಿಕ ಹುಳಕ್ಕೆ ಹೊಡೆಯೋದೂ ಇದನ್ನೇ. ಬುಡದಲ್ಲಿ ಸಣ್ಣ ರಂಧ್ರ ಕೊರೆದು ಒತ್ತಡದಲ್ಲಿ ತುಂಬಿಸ್ತಾರೆ. ಲೈಸೆನ್ಸ್ ಇರುವ ಆರ್ಬರಿಸ್ಟ್ (ಮರಗಳ ಆರೈಕೆಯ ತಜ್ಞ) ಕೈಲೇ ಮಾಡಿಸಿ. ಎಲೆ ಪೂರ್ತಿ ಬಿಟ್ಟ ಮೇಲೆ ಹಾಕಿಸಬೇಕು. ನೆಲ ಒಣಗಿದ್ದರೆ ಎರಡು ದಿನ ಮೊದಲೇ ನೀರು ಕೊಡಿ, ಮರ ಬೇಗ ಎಳೆದುಕೊಳ್ಳುತ್ತೆ. ಒಮ್ಮೆ ಹಾಕಿಸಿದರೆ ಎರಡು ವರ್ಷ ಕಾಯುತ್ತೆ. ನಮ್ಮ ಮರ 22 ಇಂಚು ವ್ಯಾಸದ್ದು, ಪ್ರತಿ ಸಲ ಸುಮಾರು 250 ಡಾಲರ್ ಆಗ್ತಿದೆ. ಮರ ಇರೋವರೆಗೂ ಈ ಖರ್ಚು ತಪ್ಪಲ್ಲ, ಮೊದಲೇ ಯೋಚಿಸಿ.

ಆದರೆ ಯಾರಿಗಾದರೂ ಫೋನ್ ಮಾಡೋ ಮುಂಚೆ ದೂರ ನಿಂತು ಮರದ ತಲೆ ನೋಡಿ. ಎಲೆ ಹೋಗಿರೋದು 30 ಶೇಕಡದ ಒಳಗಿದ್ದರೆ ಧೈರ್ಯವಾಗಿ ಹಾಕಿಸಿ. ಅರ್ಧ ದಾಟಿದ್ದರೆ ಔಷಧಿ ಮೇಲೇರೋ ದಾರಿಯೇ ಮುಚ್ಚಿಹೋಗಿರುತ್ತೆ. ನನ್ನ ಮೊದಲ ಮರ ಹಾಗಿದ್ದಾಗ ಬಾಗಿಲಿಗೆ ಬಂದವನೊಬ್ಬ ಉಳಿಸಿಕೊಡ್ತೀನಿ ಅಂತ ದುಡ್ಡು ತಗೊಂಡ. ಮುಂದಿನ ಬೇಸಿಗೆಗೆ ಮರ ಚಿಗುರಲೇ ಇಲ್ಲ.

ಸೇಂಟ್ ಪಾಲ್, ಮಿನ್ನೆಸೋಟದಿಂದ:

ಮೊದಲು ಅದು ಆ್ಯಶ್ ಹೌದಾ ಅಂತ ಖಾತ್ರಿ ಮಾಡ್ಕೊಳಿ. ಕೊಂಬೆಗಳು ಎದುರುಬದುರು ಜೋಡಿಯಾಗಿ ಹೊರಡಬೇಕು, ಒಂದೊಂದು ಎಲೆಯಲ್ಲೂ 5ರಿಂದ 11 ಕಿರುಎಲೆ ಇರಬೇಕು. ಮೌಂಟನ್ ಆ್ಯಶ್ ಹೆಸರಿಗೆ ಮಾತ್ರ ಆ್ಯಶ್, ಈ ಹುಳ ಅದಕ್ಕೆ ಬರಲ್ಲ. (ನಮ್ಮ ಮಲ್ಲಿಗೆ, ಪಾರಿಜಾತ ಎರಡೂ ಆ್ಯಶ್‌ನ ಕುಟುಂಬದವೇ. ಅದು ಗೊತ್ತಾದ ದಿನದಿಂದ ಈ ಮರದ ಮೇಲೆ ನನಗೆ ಇನ್ನೂ ಅಕ್ಕರೆ.)

ಸಣ್ಣ ಮರಕ್ಕೆ ನಾನೇ ವರ್ಷಕ್ಕೊಮ್ಮೆ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ನೀರಲ್ಲಿ ಕಲಸಿ ಬುಡಕ್ಕೆ ಹಾಕ್ತಿದ್ದೆ. ಬುಡದಲ್ಲಿ ಹೂಗಿಡ ಇದ್ದರೆ ಅದು ಬೇಡವೇ ಬೇಡ, ವಿಷ ಹೂವಿಗೂ ಏರಿ ಜೇನು ಸಾಯುತ್ತೆ. ನಿಮ್ಮ ರಾಜ್ಯದ ನಿಯಮ ಏನು ಅಂತ ಆರೆಗನ್ ಸ್ಟೇಟ್ ಯೂನಿವರ್ಸಿಟಿಯ ಎಕ್ಸ್‌ಟೆನ್ಷನ್‌ನವರನ್ನ (ಜನರಿಗೆ ಗಿಡಮರದ ಸಲಹೆ ಕೊಡೋ ವಿಭಾಗ) ಕೇಳಿ.

ಕ್ಯಾಂಟನ್, ಮಿಶಿಗನ್‌ನಿಂದ:

ಈ ದೇಶದಲ್ಲಿ ಹುಳ ಮೊದಲು ಗುರುತಾಗಿದ್ದು 2002ರಲ್ಲಿ, ನಮ್ಮ ಡೆಟ್ರಾಯಿಟ್ ಸುತ್ತಮುತ್ತಲೇ. ಏಷ್ಯಾದಿಂದ ಸರಕಿನ ಮರದ ಪೆಟ್ಟಿಗೆಗಳಲ್ಲಿ ಬಂದಿರಬೇಕು ಅಂತಾರೆ. ನಾನು ಹೇಳೋದು ಒಂದೇ: ಉಳಿಯಲ್ಲ ಅಂತ ಗೊತ್ತಾದ ಮರ ಬೇಗ ತೆಗೆಸಿ. ಸತ್ತ ಆ್ಯಶ್ ಹಪ್ಪಳದ ಹಾಗೆ ಮುರಿಯುತ್ತೆ. ಒಂದು ವರ್ಷ ಮುಂದೂಡಿದ್ದಕ್ಕೆ ನಮ್ಮ ಮರ ಹತ್ತೋಕೆ ಯಾರೂ ಒಪ್ಪಲಿಲ್ಲ. ಕ್ರೇನ್ ತರಿಸಿ, ಕೇಳಿದ ಮೊದಲ ರೇಟಿನ ಎರಡರಷ್ಟು ಕೊಟ್ಟೆ. ಸೌದೆಯನ್ನ ಯಾರಿಗೂ ಸಾಗಿಸಬೇಡಿ, ಹುಳ ದೂರದೂರಕ್ಕೆ ಹೋಗಿದ್ದೇ ಹಾಗೆ.

ಹಿಲ್ಸ್‌ಬೊರೊದಿಂದ ಮತ್ತೆ:

ಆರ್ಬರಿಸ್ಟ್ ಬಂದು ನೋಡಿದರು. ಬೋಳಾದ ಮರದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆಯಂತೆ. ದುಂಬಿ ಹಾರೋ ಕಾಲ ಮುಗಿದು, ಅಕ್ಟೋಬರ್‌ನಲ್ಲಿ ತೆಗೆಸ್ತೀವಿ. ಮಗಳು ಅದರ ಕೊಂಬೆಗೆ ಕಟ್ಟಿದ್ದ ಉಯ್ಯಾಲೆ ನಿನ್ನೆ ಬಿಚ್ಚಿದೆ. ಇನ್ನೊಂದರ ತಲೆ ಇನ್ನೂ ತುಂಬಾಗಿದೆ. ಮಂಗಳವಾರ ಇಂಜೆಕ್ಷನ್, ಇವತ್ತು ಸಂಜೆಯಿಂದಲೇ ನೀರು ಬಿಟ್ಟಿದ್ದೀನಿ.