ಸದ್ದಿಲ್ಲದ ಬಡಾವಣೆಗೆ ಮನೆ ಬದಲಾಯಿಸುವ ಯೋಚನೆ, ಅಲ್ಲಿ ಇದ್ದವರು ಅನುಭವ ಹೇಳ್ತೀರಾ?

ಈಗ ನಾವಿರುವುದು ನಗರದ ನಡುವೆ, ದೊಡ್ಡ ರಸ್ತೆಯ ಪಕ್ಕದಲ್ಲೇ. ರಾತ್ರಿ ಎರಡು ಗಂಟೆಗೂ ಹಾರ್ನ್ ಕೇಳುತ್ತದೆ. ನಗರದ ಅಂಚಿನ ಒಂದು ಬಡಾವಣೆಯಲ್ಲಿ ಮನೆ ನೋಡಿದ್ದೇವೆ. ಅಲ್ಲಿರುವವರು ಹೆಚ್ಚು ಕಡಿಮೆ ಎಲ್ಲರೂ ಬೆಳಗ್ಗೆ ಕೆಲಸಕ್ಕೆಂದು ನಗರಕ್ಕೆ ಹೋಗಿ ರಾತ್ರಿ ವಾಪಸ್ ಬರುವವರು. ಭಾನುವಾರ ಹೋದಾಗ ಹಕ್ಕಿಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ, ನಮಗೆ ತುಂಬಾ ಇಷ್ಟವಾಯಿತು. ನಮ್ಮಿಬ್ಬರ ಕೆಲಸವೂ ನಗರದಲ್ಲೇ. ಆರು ವರ್ಷದ ಮಗಳಿದ್ದಾಳೆ, ಅತ್ತೆ ನಮ್ಮ ಜೊತೆಗಿದ್ದಾರೆ. ದಿನಾ ಬದುಕಲು ಇಂಥ ಜಾಗ ಹೇಗಿರುತ್ತದೆ, ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

* * *

ಒಂಬತ್ತು ವರ್ಷದಿಂದ ಇಂಥದ್ದೇ ಜಾಗದಲ್ಲಿದ್ದೇನೆ. ನನಗೆ ಇಷ್ಟ, ಬಿಟ್ಟು ಹೋಗುವ ಯೋಚನೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಭಾನುವಾರ ನೋಡಿ ತೀರ್ಮಾನ ಮಾಡಬೇಡಿ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ನಿಮಗೂ ಆಯಾಸ ಇರುವುದಿಲ್ಲ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ಹೋಗಿ ನೋಡಿ. ಇನ್ನೊಂದು ದಿನ ಆಫೀಸು ಬಿಟ್ಟ ಮೇಲೆ, ಮುಂದೆ ನೀವು ದಿನಾ ಹತ್ತಬೇಕಾದ ಬಸ್ಸನ್ನೋ ರೈಲನ್ನೋ ಅದೇ ಹೊತ್ತಿಗೆ ಹತ್ತಿ, ಆ ಮನೆ ಬಾಗಿಲ ತನಕ ಹೋಗಿ ಗಡಿಯಾರ ನೋಡಿಕೊಳ್ಳಿ. ಮನೆ ತೋರಿಸುವವರು ಹೇಳುವ ಸಮಯ ರಸ್ತೆ ಖಾಲಿ ಇದ್ದಾಗಿನದ್ದು. ನನಗೆ ನಲವತ್ತು ನಿಮಿಷ ಎಂದಿದ್ದರು. ಆಗುವುದು ಒಂದೂವರೆ ಗಂಟೆ.

ಈ ಒಂದೂವರೆ ಗಂಟೆಯ ಲೆಕ್ಕ ನಾನು ಮನೆ ಹಿಡಿಯುವಾಗ ಹಾಕಿರಲಿಲ್ಲ. ಹೋಗಿ ಬರಲು ದಿನಕ್ಕೆ 3 ಗಂಟೆ, ತಿಂಗಳಿಗೆ 22 ದಿನ ಅಂದರೆ 66 ಗಂಟೆ. ಎರಡೂ ಮುಕ್ಕಾಲು ದಿನ ಪೂರ್ತಿ, ಹಗಲೂ ರಾತ್ರಿ ಸೇರಿಸಿ, ದಾರಿಯಲ್ಲೇ ಹೋಯಿತು! ಬಸ್ಸು ಅರ್ಧ ಗಂಟೆಗೊಂದು ಇದ್ದರೆ ಒಂದೇ ಒಂದು ನಿಮಿಷ ತಡವಾದರೂ ಅರ್ಧ ಗಂಟೆ ಕಾಯಬೇಕು. ಅದಕ್ಕೇ ದೂರಕ್ಕಿಂತ ಎಷ್ಟು ಹೊತ್ತಿಗೊಂದು ಗಾಡಿ ಇದೆ, ನಡುವೆ ಎಷ್ಟು ಸಲ ಇಳಿದು ಹತ್ತಬೇಕು ಅನ್ನುವುದನ್ನು ಕೇಳಿ. ಹತ್ತು ನಿಮಿಷಕ್ಕೊಂದು ರೈಲಿದ್ದು ದೂರ ಇರುವ ಮನೆ, ಹತ್ತಿರವಿದ್ದೂ ಎರಡು ಬಸ್ಸು ಬದಲಾಯಿಸಬೇಕಾದ ಮನೆಗಿಂತ ಎಷ್ಟೋ ವಾಸಿ.

ದೊಡ್ಡ ಮನೆ, ಒಳ್ಳೆ ಗಾಳಿ, ನಿದ್ದೆ ಎಲ್ಲ ಸಿಗುತ್ತದಲ್ಲ, ಪ್ರಯಾಣದ ಕಷ್ಟ ಅದರಲ್ಲೇ ತೂಗಿಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಜ್ಯೂರಿಕ್ ವಿಶ್ವವಿದ್ಯಾಲಯದ ಬ್ರೂನೋ ಫ್ರೈ ಮತ್ತು ಅಲೋಯ್ಸ್ ಸ್ಟುಟ್ಸರ್ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಜರ್ಮನಿಯ ಕುಟುಂಬಗಳನ್ನು ವರ್ಷ ವರ್ಷ ಕೇಳಿ ಸೇರಿಸಿದ್ದ ಮಾಹಿತಿಯಲ್ಲಿ, ಪ್ರಯಾಣ ಉದ್ದವಾದಷ್ಟೂ ಜನ ತಮ್ಮ ಬದುಕಿನ ಬಗ್ಗೆ ಹೇಳಿಕೊಂಡ ಸಂತೋಷ ಕಡಿಮೆಯಾಗಿತ್ತು. ಒಳ್ಳೆ ಮನೆಯೋ ಒಳ್ಳೆ ಸಂಬಳವೋ ಅದನ್ನು ಪೂರ್ತಿ ತುಂಬಿಕೊಟ್ಟಿರಲಿಲ್ಲ. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮನೆ ದೊಡ್ಡದು ಅನ್ನುವುದು ಆರು ತಿಂಗಳಿಗೆ ಅಭ್ಯಾಸವಾಗಿಬಿಡುತ್ತದೆ. ಟ್ರಾಫಿಕ್ ಮಾತ್ರ ದಿನಾ ಹೊಸದಾಗಿ ತಲೆ ತಿನ್ನುತ್ತದೆ.

ಹಾಗಿದ್ದರೂ ಯಾಕೆ ಇಷ್ಟ ಅಂತೀರಾ? ಆಫೀಸಿನವರು ಒಪ್ಪಿ ಈಗ ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ. ಆ ಎರಡು ದಿನದಿಂದಲೇ ನನಗೆ ಈ ಜಾಗ ನನ್ನದು ಅನ್ನಿಸಿದ್ದು. ಅದಕ್ಕೂ ಮುಂಚೆ ಏಳು ವರ್ಷ ನನ್ನ ಬೀದಿಯನ್ನು ನಾನು ಹಗಲು ಹೊತ್ತಿನಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ. ಮೂಲೆಮನೆಯ ಮುಂದೆ ಅಷ್ಟು ದೊಡ್ಡ ಮರ ಇರುವುದು, ಅದರಲ್ಲಿ ಬೇಸಿಗೆ ಶುರುವಾದಾಗ ಗಿಳಿಗಳು ಬಂದು ಕೂರುವುದು, ಇದ್ಯಾವುದೂ ಗೊತ್ತಿರಲಿಲ್ಲ. ಶಾಂತವಾದ ಜಾಗಕ್ಕೆ ಹೋಗಿ ಅಲ್ಲಿ ಬರೀ ನಿದ್ದೆ ಮಾಡಿ ಎದ್ದು ಬರುವುದಾದರೆ ಯಾಕೆ ಹೋಗಬೇಕು, ಅಲ್ವಾ? ಆದ್ದರಿಂದ ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಬೆಳಕಿರುವಾಗ ಮನೆಗೆ ಬರಲು ಆಗುತ್ತದಾ, ವಾರಕ್ಕೆ ಎಷ್ಟು ದಿನ, ಅದನ್ನು ಮೊದಲು ಕೂತು ನೋಡಿ.

ಸದ್ದಿನ ಬಗ್ಗೆ ಒಂದು ಮಾತು. ಮೊದಲ ಮೂರು ವಾರ ನಿದ್ದೆಯೇ ಬರಲಿಲ್ಲ. ಸುತ್ತ ಸದ್ದೇ ಇಲ್ಲದಾಗ ಸಣ್ಣ ಸದ್ದೂ ಎದ್ದು ಕೇಳುತ್ತದೆ. ನೀರಿನ ಪಂಪು, ಯಾರದೋ ಗೇಟಿನ ಚಿಲಕ, ಎರಡು ಬೀದಿ ಆಚೆ ಬೊಗಳುವ ನಾಯಿ. ಆಮೇಲೆ ಒಗ್ಗಿತು. ಈಗ ನಗರದಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ಕಳೆಯುವುದೂ ಕಷ್ಟ. ರಾತ್ರಿ ರಸ್ತೆಯ ಸದ್ದು 45 ಡೆಸಿಬಲ್ ಮೀರಬಾರದು, ಮೀರಿದರೆ ನಿದ್ದೆ ಕೆಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯೂರೋಪಿಗಾಗಿ ಮಾಡಿದ ಶಿಫಾರಸಿನಲ್ಲಿದೆ. ದೊಡ್ಡ ರಸ್ತೆ ಪಕ್ಕ ಮಲಗುವ ನಿಮಗೆ ಈ ಲಾಭ ನಿಜವಾಗಿಯೂ ಸಿಗುತ್ತದೆ.

* * *

ಮೇಲಿನವರು ಬುಧವಾರ ಮಧ್ಯಾಹ್ನ ಹೋಗಿ ಅಂದರಲ್ಲ, ನಾನು ಅದನ್ನು ನಿಮ್ಮ ಅತ್ತೆಯ ವಿಷಯಕ್ಕೆ ಹೇಳುತ್ತೇನೆ. ನನ್ನ ಅಮ್ಮ ಇಂಥ ಕಡೆ ನಾಲ್ಕು ವರ್ಷ ಇದ್ದರು. ನಾವು ಏಳೂವರೆಗೆ ಬಾಗಿಲು ಹಾಕಿಕೊಂಡು ಹೊರಟರೆ ಬರುವುದು ರಾತ್ರಿ ಎಂಟಕ್ಕೆ. ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ. ಅಮ್ಮ ಯಾವತ್ತೂ ದೂರಿರಲಿಲ್ಲ. ಒಂದು ದಿನ ನಾನು ಜ್ವರ ಬಂದು ಮನೆಯಲ್ಲಿದ್ದೆ. ಹನ್ನೊಂದು ಗಂಟೆಗೆ ಕಾಗದ ಕೊಡುವವನು ಬಂದ. ಅಮ್ಮ ಅವನನ್ನು ಗೇಟಿನ ಹತ್ತಿರವೇ ನಿಲ್ಲಿಸಿಕೊಂಡು ಇಪ್ಪತ್ತು ನಿಮಿಷ ಮಾತಾಡಿದರು. ಅವನ ಮಕ್ಕಳ ಹೆಸರು, ಯಾವ ಕ್ಲಾಸು ಎಲ್ಲ ಅವರಿಗೆ ಗೊತ್ತು. ದಿನವಿಡೀ ಅವರಿಗೆ ಸಿಗುವ ಮನುಷ್ಯ ಅವನೊಬ್ಬನೇ ಅಂತ ನನಗೆ ಅವತ್ತು ಅರ್ಥವಾಯಿತು. ಇವತ್ತಿಗೂ ನೆನಪಾದರೆ ಹೊಟ್ಟೆ ಚುರ್ ಅನ್ನುತ್ತದೆ.

ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರು ಒಬ್ಬರೇ ನಡೆದು ಹೋಗುವಷ್ಟು ಹತ್ತಿರ ಏನಿದೆ ನೋಡಿ. ಔಷಧಿ ಅಂಗಡಿ, ಕೂರಲು ಒಂದು ಬೆಂಚು, ನೆರಳು, ಅವರ ವಯಸ್ಸಿನ ಇಬ್ಬರು ಮೂವರು. ಇಳಿವಯಸ್ಸಿನವರಿಗೆ ಹತ್ತಿರ ಅಂದರೆ ಐದು ನಿಮಿಷದ ನಡಿಗೆ, ಕಾರಲ್ಲಿ ಐದು ನಿಮಿಷ ಅಲ್ಲ. ತುರ್ತು ಬಂದರೆ ಆಂಬ್ಯುಲೆನ್ಸ್ ಆ ಬೀದಿ ಹುಡುಕಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಲ್ಲಿರುವವರನ್ನೇ ವಿಚಾರಿಸಿ.

ಇನ್ನು ಹಗಲು ಹೊತ್ತು ಬೀದಿ ಖಾಲಿ ಇರುವುದು ಸುರಕ್ಷಿತವೂ ಅಲ್ಲ. ನಗರಗಳ ಬಗ್ಗೆ ಬರೆಯುತ್ತಿದ್ದ ಜೇನ್ ಜೇಕಬ್ಸ್ 1961ರಲ್ಲೇ ಹೇಳಿದ್ದರು, ಬೀದಿಯನ್ನು ಕಾಯುವುದು ಅಲ್ಲಿನ ಅಂಗಡಿಯವರ, ಓಡಾಡುವವರ, ಕಿಟಕಿಯಿಂದ ನೋಡುವವರ ಕಣ್ಣು ಅಂತ. ಎಲ್ಲರೂ ನಗರಕ್ಕೆ ಹೋದ ಬಡಾವಣೆಯಲ್ಲಿ ಆ ಕಣ್ಣುಗಳೇ ಇರುವುದಿಲ್ಲ. ನಮ್ಮ ಬೀದಿಯಲ್ಲಿ ಎರಡು ಮನೆ ಕಳ್ಳತನವಾಯಿತು, ಎರಡೂ ಮಧ್ಯಾಹ್ನವೇ.

* * *

ನಾನು ಮಗಳ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ನಾನು ಬೆಳೆದದ್ದೇ ಇಂಥ ಕಡೆ. ಹನ್ನೆರಡು ವರ್ಷದ ತನಕ ಅದು ಸ್ವರ್ಗ. ವಾಹನ ಕಡಿಮೆ, ಬೀದಿಯಲ್ಲೇ ಸೈಕಲ್ ಕಲಿತೆ, ಕತ್ತಲಾಗುವ ತನಕ ಆಟ, ಯಾವ ಮನೆಗೆ ಬೇಕಾದರೂ ನುಗ್ಗಬಹುದು. ಹದಿನಾಲ್ಕು ದಾಟಿದ ಮೇಲೆ ಪೂರ್ತಿ ಉಲ್ಟಾ. ಗೆಳತಿಯರು ಒಂದು ಕಡೆ, ಲೈಬ್ರರಿ ಇನ್ನೊಂದು ಕಡೆ, ಸಂಗೀತದ ಕ್ಲಾಸು ಮತ್ತೆಲ್ಲೋ. ಎಲ್ಲದಕ್ಕೂ ಅಪ್ಪ ಬಂದು ಕರೆದುಕೊಂಡು ಹೋಗಬೇಕು, ಅವರೋ ದಣಿದು ಬಂದಿರುತ್ತಾರೆ, ಕೇಳಲು ಮನಸ್ಸು ಬಾರದೆ ಎಷ್ಟೋ ಬಿಟ್ಟುಬಿಟ್ಟೆ. ಮಗಳು ದೊಡ್ಡವಳಾದಾಗ ಅವಳೊಬ್ಬಳೇ ಹತ್ತಬಹುದಾದ ಬಸ್ಸು ಸಂಜೆ ಹೊತ್ತಿಗೂ ಇದೆಯಾ ನೋಡಿ.

ಶಾಲೆ ನಗರದಲ್ಲೇ ಮುಂದುವರಿಸಬೇಡಿ. ಮಗು ನಿಮ್ಮ ಜೊತೆ ಮೂರು ಗಂಟೆ ಪ್ರಯಾಣ ಮಾಡಿ ಸುಸ್ತಾಗುತ್ತದೆ, ಬೀದಿಯ ಮಕ್ಕಳ ಗುರುತೂ ಆಗುವುದಿಲ್ಲ.

* * *

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಎರಡನೆಯ ಉತ್ತರ ಓದಿ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನನ್ನೂ ಒಂದು ಸಲ ಕರ್ಕೊಂಡು ಹೋಗಮ್ಮ" ಅಂದರು. ನಾವು ಅವರನ್ನು ಕೇಳಿಯೇ ಇರಲಿಲ್ಲ. ನನ್ನ ಗಂಡನಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಸಿಗಬಹುದು, ನನಗೆ ಆಗುವುದಿಲ್ಲ. ಇನ್ನೊಂದು ಕೇಳಬೇಕಿತ್ತು, ಅಂಥ ಕಡೆ ಹೊಸಬರಿಗೆ ಜನರ ಪರಿಚಯ ಹೇಗೆ ಆಗುತ್ತದೆ? ಎಲ್ಲರೂ ರಾತ್ರಿ ಬಂದು ಬಾಗಿಲು ಹಾಕಿಕೊಳ್ಳುವವರೇ ಅಲ್ವಾ?

* * *

ಒಂಬತ್ತು ವರ್ಷದಿಂದ ಇದ್ದೇನೆ ಅಂದವನೇ ಮತ್ತೆ ಬರೆಯುತ್ತಿದ್ದೇನೆ. ಪರಿಚಯ ನಿಧಾನಕ್ಕೆ ಆಗುತ್ತದೆ, ತಾನಾಗಿ ಆಗುವುದಿಲ್ಲ. ನನಗೆ ಮೊದಲು ಸಿಕ್ಕಿದ್ದು ಬಸ್ಸಿನವರು. ಬೆಳಗ್ಗೆ ಅದೇ ಹೊತ್ತಿಗೆ ಅದೇ ಸ್ಟಾಪಿನಲ್ಲಿ ನಿಲ್ಲುವ ಐದಾರು ಜನ, ಮೊದಲ ವರ್ಷ ಬರೀ ತಲೆ ಆಡಿಸುತ್ತಿದ್ದೆವು, ಆಮೇಲೆ ಒಬ್ಬರು ಬರದಿದ್ದರೆ ಫೋನ್ ಮಾಡಿ ವಿಚಾರಿಸುವಷ್ಟಾಯಿತು. ಮಕ್ಕಳಿರುವವರಿಗೆ ಇನ್ನೂ ಬೇಗ, ಮಗಳು ಬೀದಿಗಿಳಿದರೆ ಒಂದು ತಿಂಗಳಲ್ಲಿ ಐದು ಮನೆ ಪರಿಚಯವಾಗುತ್ತವೆ. ಹೋದ ಮೊದಲ ವಾರವೇ ಎರಡೂ ಪಕ್ಕದ ಮನೆ, ಎದುರು ಮನೆ, ಮೂರೂ ಕಡೆ ಹೋಗಿ ಫೋನ್ ನಂಬರ್ ಕೊಟ್ಟು ಬನ್ನಿ. ನಾನು ಮುಜುಗರಪಟ್ಟುಕೊಂಡು ಎರಡು ವರ್ಷ ಹೋಗಲಿಲ್ಲ. ಆಮೇಲೆ ಹೋದಾಗ ಅವರೂ ನನ್ನ ಹಾಗೆಯೇ ಕಾಯುತ್ತಿದ್ದರು ಅಂತ ಗೊತ್ತಾಯಿತು.

ಆಗುವುದಾದರೆ ಮನೆ ಕೊಳ್ಳುವ ಮುಂಚೆ ಅದೇ ಬಡಾವಣೆಯಲ್ಲಿ ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ. ಮಳೆಗಾಲ ಆ ಆರು ತಿಂಗಳಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಮಳೆಯಲ್ಲಿ ನಿಮ್ಮ ಒಂದೂವರೆ ಗಂಟೆ ಎಷ್ಟಾಗುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು. ಮತ್ತೆ, ಅತ್ತೆಯವರನ್ನು ಕರೆದುಕೊಂಡು ಹೋಗಿ ಬಂದ ಮೇಲೆ ಅವರು ಏನಂದರು ಅಂತ ಇಲ್ಲಿ ಬರೆಯಿರಿ.