1870ರ ಕಾಲದ ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರಿಗೆ ದಿನವಿಡೀ ಏನು ಕೆಲಸ?

ನಾಟಕದವಳು:
ಮಂಜರಾಬಾದಿನ (ಈಗಿನ ಸಕಲೇಶಪುರದ ಸೀಮೆ) ದೊಡ್ಡ ಕಾಫಿ ಎಸ್ಟೇಟ್ ಒಂದರ ಮೇಲೆ ನಾಟಕ ಬರೆಯುತ್ತಿದ್ದೇನೆ. ಕಾಲ 1870ರ ಆಸುಪಾಸು. ಓದಿದ ಕತೆಗಳಲ್ಲೆಲ್ಲ ದೊರೆ, ಅಂದರೆ ತೋಟ ನೋಡಿಕೊಳ್ಳುವ ಬಿಳಿಯ, ಕುದುರೆ ಹತ್ತುತ್ತಾನೆ, ಬೇಟೆಗೆ ಹೋಗುತ್ತಾನೆ, ಸಂಜೆ ಬಂಗಲೆಯ ಜಗಲಿಯಲ್ಲಿ ಕೂರುತ್ತಾನೆ. ಹಾಗಾದರೆ ತೋಟ ನಡೆಸುತ್ತಿದ್ದವರು ಯಾರು? ತಿಳಿದವರು ಹೇಳಿ.

ಹಳೇ ರೈಟರ್:
ಮೇಡಂ, ನಾನು ಸಕಲೇಶಪುರದ ಕಡೆ ತೋಟಗಳಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನಾಗಿ ದುಡಿದವನು. ಹಳೇ ಕಾಲದ ತೋಟದ ಸಂಗತಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಬೇಟೆ ಇತ್ತು, ನಿಜ. ಆದರೆ ದಿನ ಶುರುವಾಗುತ್ತಿದ್ದದ್ದು ಮಸ್ಟರಿನಿಂದ, ಅಂದರೆ ಆಳುಗಳ ಹಾಜರಿಯಿಂದ. ಬೆಳಕು ಹರಿಯುವಾಗ ಆಳುಗಳ ಹೆಸರು ಕೂಗುತ್ತಾರೆ. ಯಾರಿಗೆ ಜ್ವರ, ಯಾರು ರಾತ್ರಿಯೇ ಊರಿಗೆ ಹೊರಟುಹೋದರು, ಎಲ್ಲ ಆಗಲೇ ಗೊತ್ತಾಗೋದು. ಮಲೇರಿಯಾ ಕಾಲದಲ್ಲಿ ಎಷ್ಟು ಜನ ನಿಲ್ಲುತ್ತಾರೆ ಅನ್ನೋದರ ಮೇಲೆ ಆ ದಿನದ ಕೆಲಸ. ಇಷ್ಟು ಜನ ಕಳೆಗೆ, ಇಷ್ಟು ಜನ ಚಿಗುರು ತೆಗೆಯೋಕೆ ಅಂತ ಮೇಸ್ತ್ರಿಗಳಿಗೆ ಹಂಚಬೇಕು. ಆಮೇಲೆ ಸಾಲು ಸಾಲು ನಡೆದು ನೋಡಬೇಕು.

ಆ ವರ್ಷಗಳಲ್ಲಿ ನೋಡಲೇಬೇಕಾದದ್ದು ಬೋರರ್, ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳು. 1860ರ ದಶಕದಲ್ಲಿ ಅದು ತೋಟಗಳನ್ನು ನುಂಗಿತು. ಎಷ್ಟೋ ಜನ ಕಾಡನ್ನು ಪೂರ್ತಿ ಕಡಿದು, ಬಿಸಿಲಿಗೇ ಗಿಡ ನೆಟ್ಟಿದ್ದರು. ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಲ್ಲಿ ದುಂಬಿ ಮೊಟ್ಟೆ ಇಡುತ್ತೆ, ಹುಳು ಒಳಗೇ ಕೊರೆಯುತ್ತೆ. ಹುಳು ಹಿಡಿದ ಗಿಡವನ್ನು ಕಿತ್ತು ಸುಡುವುದೇ ಉಪಾಯ. ಸ್ವಂತ ಕೈಯಲ್ಲಿ ಬೆಳೆಸಿದ ಗಿಡ ಸುಡಿಸೋದು ಎಂಥ ಸಂಕಟ ಅಂತ ಕಂಡಿದ್ದೇನೆ, ದಯವಿಟ್ಟು ನಾಟಕದಲ್ಲಿ ಅದನ್ನು ತನ್ನಿ. ಅಲ್ಲಿಂದ ನೆರಳು ನೋಡಿಕೊಳ್ಳೋದೂ ಮ್ಯಾನೇಜರನ ಕೆಲಸವಾಯ್ತು. ಬಸರಿ, ಅತ್ತಿ, ಗೋಣಿಯಂಥ ಮರ ಬಿಡಬೇಕು, ಬೆಳಕಿಗೆ ಮರಗಸಿ ಮಾಡಿಸಬೇಕು, ಅಂದರೆ ನೆರಳಿನ ಮರದ ಕೊಂಬೆ ಕಡಿಸಬೇಕು. ಮಂಜರಾಬಾದಿನ ತೋಟಗಾರ ರಾಬರ್ಟ್ ಎಲಿಯಟ್ ನೆರಳಿನ ಮರಗಳ ಬಗ್ಗೆ ಉದ್ದಕ್ಕೆ ಬರೆದಿದ್ದಾನೆ.

ಇನ್ನೊಂದು ಮಾತು, ರೊಬಸ್ಟಾ ಅನ್ನೋ ಕಾಫಿ ಜಾತಿಯ ಹೆಸರು ಎತ್ತಬೇಡಿ. ಅದು ಆಮೇಲೆ ಬಂದದ್ದು.

ಘಟ್ಟದ ಕೆಳಗಿನವ:
ಮುಂಗಡದ ವಿಷಯ ಬಿಡಬೇಡಿ. ಮೇಸ್ತ್ರಿ ದೊರೆಯಿಂದ ದುಡ್ಡು ತಗೊಂಡು ನಮ್ಮ ಕಡೆ ಇಳಿದು ಬರುತ್ತಿದ್ದ, ಮುಂಗಡ ಕೊಟ್ಟು ಆಳುಗಳನ್ನು ಘಟ್ಟ ಹತ್ತಿಸುತ್ತಿದ್ದ. 1859ರ ಕಾಯ್ದೆ ಪ್ರಕಾರ ಮುಂಗಡ ಪಡೆದು ಕೆಲಸಕ್ಕೆ ಬಾರದವರ ಮೇಲೆ ಮ್ಯಾಜಿಸ್ಟ್ರೇಟರ ಹತ್ತಿರ ದೂರು ಕೊಡಬಹುದಿತ್ತು, ಕೈದೂ ಆಗುತ್ತಿತ್ತು. ಮಸ್ಟರಿನಲ್ಲಿ ಹೆಸರು ಕೂಗಿದಾಗ ಉತ್ತರ ಬಾರದಿದ್ದರೆ ಅದರ ಹಿಂದೆ ಒಬ್ಬ ಮನುಷ್ಯನ ಇಂಥ ಭಯ ಇರುತ್ತಿತ್ತು. ದೊರೆಯ ಕಣ್ಣಲ್ಲಿ ಮಾತ್ರ ನೋಡಿದರೆ ಇದು ಕಾಣೋದಿಲ್ಲ.

ನಾಟಕದವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲ್ಲ ಒಂದೇ ದಿನದಲ್ಲಿ ನಡೆಯುವ ಹಾಗೆ ಬರೆಯಬೇಕು. ಯಾವ ತಿಂಗಳು ಇಡಲಿ?

ಹಳೇ ರೈಟರ್:
ಡಿಸೆಂಬರ್ ಇಡಿ. ಕೊಯ್ಲಿನ ಕಾಲ, ಯಾರಿಗೂ ಪುರುಸೊತ್ತಿಲ್ಲ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಾಕಬೇಕು, ರಾಶಿ ಬಿಟ್ಟರೆ ಬಿಸಿಯಾಗಿ ಹಾಳು. ಹಾಗಾಗಿ ಸಂಜೆ ಹಣ್ಣು ಅಳೆದು ಲೆಕ್ಕ ಬರೆದ ಮೇಲೆ ಪಲ್ಪರ್ ರಾತ್ರಿಯೂ ಓಡಬೇಕು. ತೊಟ್ಟಿಯಲ್ಲಿ ಬೀಜದ ಮೇಲಿನ ಲೋಳೆ ಕರಗಿದ ಮೇಲೆ ತೊಳೆದು ಕಣಕ್ಕೆ ಹರವಬೇಕು. ಮೋಡ ಕಂಡರೆ ಎಲ್ಲರೂ ಓಡಿ ರಾಶಿ ಮಾಡಿ ಮುಚ್ಚಬೇಕು. ಒಣಗಿದ ಪಾರ್ಚ್‌ಮೆಂಟ್, ಅಂದರೆ ಒಳಹೊಟ್ಟು ಇನ್ನೂ ಬಿಡಿಸದ ಕಾಫಿ ಬೀಜ, ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿತ್ತು. ಆಗ ಅಲ್ಲಿಗೆ ರೈಲು ಇರಲಿಲ್ಲ. ಮಸ್ಟರಿನಿಂದ ತೆರೆ ಎತ್ತಿ, ಮಧ್ಯರಾತ್ರಿ ಪಲ್ಪರ್ ಹತ್ತಿರ ಮುಗಿಸಿದರೆ ನಿಮ್ಮ ಒಂದು ದಿನ ತುಂಬುತ್ತೆ. ಬರೆದಾದ ಮೇಲೆ ಇಲ್ಲಿ ಹಾಕಿ, ತೋಟದ ಕೆಲಸದ ಮಾತುಗಳನ್ನು ನಾನು ಓದಿ ನೋಡುತ್ತೇನೆ.