ಚಿಕ್ಕಬಳ್ಳಾಪುರದಲ್ಲಿ ಹಾಪ್ಸ್ ಬಳ್ಳಿ: ಸೊಂಟದೆತ್ತರಕ್ಕೆ ನಿಂತುಬಿಟ್ಟಿದೆ, ಏನು ಮಾಡಲಿ?

ಶಿಡ್ಲಘಟ್ಟ ರೋಡ್

ಎಲ್ರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗೋ ದಾರೀಲಿ ನಮ್ಮದು ಒಂದೂವರೆ ಎಕರೆ. ಅದರಲ್ಲಿ ಅರ್ಧ ಎಕರೆ ಹಳೇ ದ್ರಾಕ್ಷಿ ಚಪ್ಪರ. ಬಳ್ಳಿ ಕಿತ್ತುಹಾಕಿ ಆಗಿದೆ, ಕಲ್ಲುಕಂಬ, ತಂತಿ ಹಂಗೇ ನಿಂತಿವೆ.

ನನ್ನ ಭಾವಮೈದ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಬೀರು ಮಾಡೋ ಕೆಲಸದಲ್ಲಿದ್ದಾನೆ. ಬೀರಿಗೆ ಕಹಿ, ಘಮ ಕೊಡೋ ಹಾಪ್ಸ್ ಅವರಿಗೆ ಹೊರದೇಶದಿಂದ ಗುಳಿಗೆ ರೂಪದಲ್ಲಿ ಬರುತ್ತೆ. "ಹಸೀದು ಒಂದೈದು ಕೆಜಿ ಸಿಕ್ರೆ ಸ್ಪೆಷಲ್ಲಾಗಿ ಒಂದು ಬೀರು ಮಾಡ್ತೀನಿ ಭಾವ" ಅಂತ ಯುಗಾದಿಗೆ ಬಂದವನು ತಲೆಗೆ ಹುಳ ಬಿಟ್ಟು ಹೋದ. ಹಿಮಾಚಲದ ಕಡೆಯಿಂದ ಹೆಣ್ಣು ಗಿಡದ ಬೇರುತುಂಡು ತರಿಸಿ ನೆಟ್ಟೆ. ಕ್ಯಾಸ್ಕೇಡ್ ತಳಿ ಅಂತ ಹೇಳಿ ಕೊಟ್ಟಿದ್ದಾರೆ.

ಚಿಗುರು ಚೆನ್ನಾಗೇ ಬಂತು. ಆದ್ರೆ ನನ್ನ ಸೊಂಟದ ಎತ್ತರಕ್ಕೆ ಬರೋ ಹೊತ್ತಿಗೆ ಬೆಳೆಯೋದು ನಿಲ್ಲಿಸಿ, ತುದೀಲಿ ಒಂದು ಹಿಡಿ ಕಾಯಿ (ಬೀರಿಗೆ ಹಾಕೋ ಎಸಳೆಸಳಾದ ಹೂಗೊಂಚಲಿಗೇ ಕಾಯಿ ಅಂತಿದೀನಿ) ಬಿಟ್ಟು ಸುಮ್ಮನಾಯ್ತು. ವೀಡಿಯೋದಲ್ಲಿ ನೋಡಿದ್ರೆ ಎರಡು ಮಹಡಿ ಎತ್ತರ ಹತ್ತಿರುತ್ತೆ. ಎಲೆ ಹಸಿರಾಗಿದೆ, ರೋಗ ಕಾಣ್ತಿಲ್ಲ, ಡ್ರಿಪ್ ಇದೆ, ಕೊಟ್ಟಿಗೆ ಗೊಬ್ಬರ ಕೊಟ್ಟಿದೀನಿ. ನಮ್ಮ ಬಿಸಿಲು ಜಾಸ್ತಿಯಾಯ್ತಾ? ಬೇರನ್ನ ಸ್ವಲ್ಪ ದಿನ ಫ್ರಿಜ್ಜಲ್ಲಿ ಇಡಬೇಕು ಅಂತ ಒಬ್ರು ಹೇಳಿದ್ರು, ಹೌದಾ? ಬೆಳೆದವರು ಯಾರಾದ್ರೂ ಇದ್ರೆ ಹೇಳಿ.

ಕೋಲಾರದ ಸಂತೆ

ಸಾರ್, ಅದು ಚಳಿ ದೇಶದ ಗಿಡ. ಹಿಮದ ಕೆಳಗೆ ಮಲಗಿ ಏಳಬೇಕಂತೆ. ನಮ್ಮಲ್ಲಿ ಸಂಕ್ರಾಂತಿ ಚಳಿಗೆ ಒಂದು ಕಂಬಳಿ ಸಾಕು, ಅದನ್ನ ನೆಚ್ಕೊಂಡು ಹಾಪ್ಸ್ ಬೆಳೆಯೋಕಾಗುತ್ತಾ? ಆ ಚಪ್ಪರಕ್ಕೆ ಹಾಗಲ, ಹೀರೆ ಹಬ್ಬಿಸಿ, ಸಂತೆಗಾದ್ರೂ ಬರುತ್ತೆ. ಇನ್ನೊಂದು ಮಾತು, ಇದು ಗಾಂಜಾ ಕುಟುಂಬದ ಗಿಡ ಅಂತ ಓದಿದೀನಿ. ಯಾರೋ ಆಗದವರು ಫೋನ್ ಮಾಡಿದ್ರೆ ಸ್ಟೇಷನ್ನಿಗೆ ಅಲೆಯೋರು ನೀವೇ.

ಸೇವಂತಿಗೆ ತೋಟ

ಶಿಡ್ಲಘಟ್ಟ ರೋಡ್ ತಮ್ಮಾ, ಫ್ರಿಜ್ಜಲ್ಲಿ ಮೊಸರಿಗೆ ಜಾಗ ಬಿಡಪ್ಪ. ನಿನ್ನ ಗಿಡಕ್ಕೆ ಚಳಿ ಕಮ್ಮಿಯಾಗಿಲ್ಲ, ಹಗಲು ಕಮ್ಮಿಯಾಗಿದೆ.

ನಾನು ನಂದಿ ಬೆಟ್ಟದ ಕೆಳಗೆ ಸೇವಂತಿಗೆ ಬೆಳೆಯೋಳು. ಮಗ ಗೀಳು ಹಿಡಿಸ್ಕೊಂಡು ತಂದ ಹಾಪ್ಸ್ ಗಿಡ ಅದೇ ತೋಟದ ಮೂಲೇಲಿವೆ. ಅವನೀಗ ಹೈದರಾಬಾದಲ್ಲಿ, ಗಿಡ ನನ್ನ ಕುತ್ತಿಗೆಗೆ. ಇರಲಿ, ಸಾಕಿದ್ದೀನಿ, ಕೊಯ್ದೂ ಇದ್ದೀನಿ.

ರಾತ್ರಿ ಬಸ್ಸಲ್ಲಿ ಬರ್ತಾ ರಸ್ತೆ ಪಕ್ಕ ಹೊಲದ ತುಂಬ ಬಲ್ಬ್ ಉರಿಯೋದು ನೋಡಿರ್ತೀಯ. ಹೊಸಬರು ಮದುವೆ ಮನೆ ಅಂದ್ಕೋತಾರೆ. ಅದು ಸೇವಂತಿಗೆ ಹೊಲ. ಸೇವಂತಿಗೆ ರಾತ್ರಿ ಉದ್ದ ಆದ್ರೆ ಮೊಗ್ಗು ಕಟ್ಟೋ ಜಾತಿ. ಗಿಡ ಗೇಣುದ್ದ ಇರೋವಾಗಲೇ ಮೊಗ್ಗು ಬಂದ್ರೆ ನಮಗೆ ನಷ್ಟ. ಅದಕ್ಕೆ ನಡುರಾತ್ರಿ ಬಲ್ಬ್ ಹಾಕಿ, ಇನ್ನೂ ಬೇಸಿಗೆ ಹಗಲೇ ಇದೆ ಅಂತ ಗಿಡಕ್ಕೆ ಮೋಸ ಮಾಡ್ತೀವಿ. ಬೇಕಾದ ಎತ್ತರ ಬಂತಾ, ದೀಪ ಆರಿಸ್ತೀವಿ, ಮೊಗ್ಗು ಒಟ್ಟಿಗೆ ಬರುತ್ತೆ. ಹಾಪ್ಸೂ ಇದೇ ಜಾತಿ.

ಲೆಕ್ಕ ನೋಡು. ಹಾಪ್ಸ್‌ನ ದೊಡ್ಡದಾಗಿ ಬೆಳೆಯೋದು 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ. ಜರ್ಮನಿಯ ಹಾಲರ್ಟೌ, ಅಮೆರಿಕದ ಯಾಕಿಮಾ ಕಣಿವೆ, ಅಲ್ಲೆಲ್ಲ ಜೂನ್ ತಿಂಗಳಲ್ಲಿ ಹಗಲು ಹತ್ತತ್ರ 16 ಗಂಟೆ. ಆ ಉದ್ದ ಹಗಲಲ್ಲಿ ಬಳ್ಳಿ ಹೂವಿನ ಯೋಚನೇನೇ ಮಾಡದೆ 5-6 ಮೀಟರ್ ಹತ್ತಿ, ಹಗಲು ಇಳಿಯೋಕೆ ಶುರುವಾದ ಮೇಲೆ ಹೂ ಬಿಡುತ್ತೆ. ನಾವಿರೋದು 13 ಡಿಗ್ರಿ ಚಿಲ್ಲರೆಯಲ್ಲಿ. ನಮ್ಮ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ಗಿಡಕ್ಕೆ 20-25 ಗೆಣ್ಣು ಬಂದು ಬಲಿಯೋದೇ ತಡ, ಕಾಲ ಆಗಿಹೋಯ್ತು ಅಂದ್ಕೊಂಡು ಸೊಂಟದೆತ್ತರದಲ್ಲೇ ಹೂ ಬಿಡುತ್ತೆ. ನಿನ್ನದು ಆಗಿರೋದು ಅಷ್ಟೇ.

ಚಳಿ ವಿಷಯಾನೂ ಹೇಳಿಬಿಡ್ತೀನಿ, ಕೋಲಾರದಣ್ಣ ಬೇಜಾರು ಮಾಡ್ಕೋಬೇಡಿ. ಚಳಿ ನಿದ್ದೆ ಇಲ್ಲದೆ ಹಾಪ್ಸ್ ಹೂ ಬಿಡಲ್ಲ ಅಂತ ಬಹಳ ಕಾಲ ನಂಬಿದ್ರು. ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚಳಿ ಕೊಡದ ಗಿಡಗಳೂ ಚೆನ್ನಾಗಿ ಹೂ ಬಿಟ್ಟವು. ಬೆಳಕನ್ನ ಸರಿಯಾಗಿ ನಡೆಸಿದ್ರೆ ಸಾಕು. ಬ್ರೆಜಿಲ್‌ನಲ್ಲೂ ಹಾಪ್ಸ್ ತೋಟಕ್ಕೆ ರಾತ್ರಿ ಎಲ್‌ಇಡಿ ಹಾಕ್ತಾರೆ. ಗಾಂಜಾ ಕುಟುಂಬ ಅನ್ನೋದು ನಿಜ, ಆದ್ರೆ ಇದರಲ್ಲಿ ಅಮಲಿನ ಅಂಶ ಇಲ್ಲ, ಬೆಳೆಯೋಕೆ ನಿಷೇಧಾನೂ ಇಲ್ಲ. ಎಲೆ ನೋಡಿದವರು ನಮ್ಮೂರಲ್ಲಿ ಕೇಳೋದು ಒಂದೇ, "ಯಾವ ದ್ರಾಕ್ಷಿ ಅಕ್ಕ ಇದು?"

ಮಾಡೋ ಕೆಲಸ ಹೇಳ್ತೀನಿ. ಈಗಿರೋ ಕುಡಿನೆಲ್ಲ ಬುಡಕ್ಕೆ ಸವರಿಬಿಡು. ಗಣೇಶನ ಹಬ್ಬದ ಹೊತ್ತಿಗೆ ಹೊಸ ಚಿಗುರು ಏಳಲಿ. ಒಂದೊಂದು ಹಗ್ಗಕ್ಕೆ ಗಟ್ಟಿಯಾದ ಎರಡು ಮೂರು ಕುಡಿ ಬಿಟ್ಟು ಉಳಿದಿದ್ದು ಕಿತ್ತುಹಾಕು. ಎಳೇ ಕುಡಿ ಬಿಸಾಕಬೇಡ, ಪಲ್ಯ ಮಾಡು. ಬೆಲ್ಜಿಯಂನಲ್ಲಿ ಈ ಚಿಗುರನ್ನ ಚಿನ್ನದ ರೇಟಿಗೆ ಮಾರ್ತಾರೆ. ನಮ್ಮನೇಲಿ ತೊಗರಿಬೇಳೆ ಜೊತೆ ಬಸ್ಸಾರಿಗೆ ಹೋಗುತ್ತೆ.

ಚಿಗುರು ಹಗ್ಗ ಹಿಡಿದ ದಿನದಿಂದಲೇ ಬಲ್ಬ್ ಶುರು ಮಾಡು. 9 ವ್ಯಾಟಿನ ಎಲ್‌ಇಡಿ, ಹತ್ತಡಿಗೊಂದು ಸಾಕು, ಬೆಳಕು ಎಲೆ ಮೇಲೆ ಬೀಳಬೇಕು. ಸಂಜೆಯಿಂದ ಉರಿಸಿ ಹಗಲನ್ನ 16 ಗಂಟೆ ಮಾಡೋದು ಒಂದು ದಾರಿ. ನಂದು ಸೇವಂತಿಗೆ ಜೊತೆಗೇ ಟೈಮರ್‌ನಲ್ಲಿ ರಾತ್ರಿ 10ರಿಂದ 2ರವರೆಗೆ ಉರಿಯುತ್ತೆ, ಎರಡಕ್ಕೂ ಆಗುತ್ತೆ. ಕರೆಂಟು ಸಾಲಾಗಿ ಕೈಕೊಟ್ರೆ ಕೆಲಸ ಕೆಡುತ್ತೆ, ಅದಕ್ಕೆ ಬ್ಯಾಟರಿ ಇರಲಿ. ಬಳ್ಳಿ ತುದಿ ಮುಟ್ಟಿದ ಮೇಲೆ, ಅಂದಾಜು ದೀಪಾವಳಿ ಕಳೆದು ಕಾರ್ತಿಕ ಮುಗಿಯೋ ಹೊತ್ತಿಗೆ, ಬಲ್ಬ್ ಆರಿಸು. ಆವಾಗ ನಮ್ಮ ಹಗಲೇ ಹನ್ನೊಂದೂವರೆ ಗಂಟೆ ಆಸುಪಾಸು, ಗಿಡಕ್ಕೆ ಬೇರೆ ದಾರಿ ಇಲ್ಲ, ಹೂ ಬಿಡಲೇಬೇಕು. ಶಿವರಾತ್ರಿ ಆಸುಪಾಸಲ್ಲಿ ಕೊಯ್ಲು. ಮಳೆ ಇರಲ್ಲ, ಒಣಗಿಸೋಕೂ ಒಳ್ಳೇ ಕಾಲ. ಜೂನ್‌ನಲ್ಲಿ ಶುರು ಮಾಡಿದ್ರೆ ಸೆಪ್ಟೆಂಬರ್-ಅಕ್ಟೋಬರ್ ಮಳೇಲಿ ಕಾಯಿ ಕೊಳೆಯುತ್ತೆ, ಅದಕ್ಕೇ ಹೇಳಿದ್ದು.

ಶಿಡ್ಲಘಟ್ಟ ರೋಡ್

ಅಕ್ಕಾ, ಪಕ್ಕದ ಹೊಲದಲ್ಲೇ ಪ್ರತಿ ವರ್ಷ ಬಲ್ಬ್ ಉರಿಯುತ್ತೆ, ನನಗೆ ಹೊಳೆದೇ ಇರಲಿಲ್ಲ ನೋಡಿ. ಇನ್ನೆರಡು ಕೇಳ್ತೀನಿ. ಚಪ್ಪರದ ತಂತಿ ಆರಡಿ ಎತ್ತರದಲ್ಲಿದೆ, ಅದಕ್ಕೇ ಹಬ್ಬಿಸಬಹುದಾ? ಕಾಯಿ ಬಲಿತಿದೆ ಅಂತ ಗೊತ್ತಾಗೋದು ಹೆಂಗೆ?

ಸೇವಂತಿಗೆ ತೋಟ

ಆರಡಿ ಸಾಲದು. ಕಲ್ಲುಕಂಬಕ್ಕೆ ನೀಲಗಿರಿ ಗಳ ಜೋಡಿಸಿ ಕಟ್ಟಿ ಹದಿನೈದು ಹದಿನಾರು ಅಡಿಗೆ ಏರಿಸು. ಟೊಮ್ಯಾಟೊಗೆ ಗೂಟ ಮಾರೋರ ಹತ್ರ ಉದ್ದದ ಗಳಾನೂ ಸಿಗುತ್ತೆ. ಆಗಲ್ಲ ಅಂದ್ರೆ ಹಗ್ಗವನ್ನ ತಂತಿವರೆಗೆ ಏರಿಸಿ ಅಲ್ಲಿಂದ ಓರೆಯಾಗಿ ಎಳಿ. ಆದ್ರೆ ವಾರಕ್ಕೊಂದು ಸಲ ನೀನೇ ಕುಡಿ ತಿರುವಿ ಕೂರಿಸಬೇಕು, ಅದು ತಾನಾಗಿ ಮೇಲಕ್ಕೆ ಹೋಗೋದು ಬಿಟ್ಟು ಅಡ್ಡ ಹೋಗಲ್ಲ.

ಹಗ್ಗ ನೈಲಾನ್ ಬೇಡ. ಈ ಬಳ್ಳಿಗೆ ನುಲಿಬಳ್ಳಿ ಇಲ್ಲ, ಕಾಂಡದ ಮೇಲಿನ ಕೊಕ್ಕೆಯಂಥ ಒರಟು ರೋಮದಲ್ಲೇ ಹಿಡಿದು ಹತ್ತೋದು. ನೈಲಾನ್ ಮೇಲೆ ಜಾರುತ್ತೆ. ತಿಪಟೂರು ಕಡೆಯ ತೆಂಗಿನ ನಾರಿನ ಹಗ್ಗ ತಗೋ. ಯಾಕಿಮಾದವರೂ ನಾರಿನ ಹಗ್ಗಾನೇ ಕಟ್ಟೋದು. ಕುಡೀನ ಗಡಿಯಾರದ ಮುಳ್ಳು ತಿರುಗೋ ಕಡೆಗೆ ಸುತ್ತು. ಬೀನ್ಸ್ ಬಳ್ಳಿ ಥರ ಎಡಕ್ಕೆ ಸುತ್ತಿದ್ರೆ ಬೆಳಗಾಗೋದ್ರೊಳಗೆ ಬಿಚ್ಕೊಂಡು ಬಿದ್ದಿರುತ್ತೆ. ಮುಟ್ಟೋವಾಗ ತುಂಬುತೋಳಿನ ಅಂಗಿ ಹಾಕ್ಕೋ, ಕೈ ಗೀರುತ್ತೆ, ಕೆಲವರಿಗೆ ದದ್ದು ಏಳುತ್ತೆ.

ಬುಡದಿಂದ ಎರಡು ಮೂರು ಅಡಿ ಎಲೆ ಸವರಿಬಿಡು, ಗಾಳಿ ಆಡುತ್ತೆ. ದ್ರಾಕ್ಷಿಗೆ ಬರೋ ಥರದ್ದೇ ಡೌನಿ ಅನ್ನೋ ಬೂಜುರೋಗ, ಬೂದಿರೋಗ ಇದಕ್ಕೂ ಬರುತ್ತೆ. ನೀನು ದ್ರಾಕ್ಷಿ ಮಾಡಿದೋನು, ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೇಳಿಕೊಡಬೇಕಿಲ್ಲ. ಬಿಸಿಲು ಏರಿದಂಗೆ ಎಲೆ ಅಡಿ ನುಸಿ ಕೂರುತ್ತೆ, ಎಲೆ ತಿರುಗಿಸಿ ನೋಡ್ತಾ ಇರು. ಕಾಯಿ ಕಟ್ಟಿದ ಮೇಲೆ ಮಾತ್ರ ಯಾವ ಔಷಧಿನೂ ಹೊಡೀಬೇಡ. ಇದನ್ನ ಯಾರೂ ತೊಳೆದು ಹಾಕಲ್ಲ, ನೇರ ಬೀರಿಗೆ ಹೋಗುತ್ತೆ.

ಬಲಿತಿದ್ದು ತಿಳಿಯೋಕೆ ಕೈಯೇ ಸಾಕು. ಎಳೇ ಕಾಯಿ ಹಿಸುಕಿದ್ರೆ ಮೆತ್ತಗೆ, ಹಸಿಹಸಿ, ಅಮುಕಿದಂಗೇ ಇರುತ್ತೆ. ಬಲಿತಿದ್ದು ಕಾಗದದ ಥರ ಸರಸರ ಅನ್ನುತ್ತೆ, ಬಿಟ್ರೆ ಮತ್ತೆ ಉಬ್ಬುತ್ತೆ. ಉದ್ದಕ್ಕೆ ಸೀಳಿ ನೋಡು, ಎಸಳಿನ ಬುಡದಲ್ಲಿ ಹಳದಿ ಪುಡಿ ಇರುತ್ತೆ, ಅದೇ ಲುಪುಲಿನ್. ಕಹಿ, ಘಮ ಎರಡೂ ಅದರಲ್ಲೇ. ತಿಳಿ ಹಳದಿ ಇದ್ರೆ ಬಿಡು, ಗಾಢ ಹಳದಿ ಆದ್ರೆ ಕೊಯ್ಯಿ. ಅಂಗೈಲಿ ಉಜ್ಜಿ ಮೂಸು. ಕ್ಯಾಸ್ಕೇಡ್ ಆದ್ರೆ ಚಕ್ಕೋತದ ಸಿಪ್ಪೆ ವಾಸನೆ ಬರಬೇಕು. ಈರುಳ್ಳಿ, ಬೆಳ್ಳುಳ್ಳಿ ವಾಸನೆ ಹೊಡೆದ್ರೆ ಹೊತ್ತು ಮೀರಿತು ಅಂತ.

ಒಣಗಿಸೋದಾದ್ರೆ ಬಿಸಿಲಿಗೆ ಹಾಕಲೇಬೇಡ, ಬೆಳಕಿಗೆ ಗುಣ ಹೋಗುತ್ತೆ. ನಿಮ್ಮ ಕಡೆ ಮನೆಮನೇಲೂ ರೇಷ್ಮೆ ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆ ಅಟ್ಟದ ಮೇಲಿರುತ್ತಲ್ಲ, ಚೆನ್ನಾಗಿ ತೊಳೆದು ಅದರ ಮೇಲೆ ತೆಳ್ಳಗೆ ಹರಡಿ, ಕತ್ತಲೆ ಕೋಣೇಲಿ ಫ್ಯಾನ್ ಹಾಕು. ಕಾಯಿ ನಡುವಿನ ದಂಟು ಬಗ್ಗದೆ ಪಟಕ್ ಅಂತ ಮುರಿದ್ರೆ ಒಣಗಿದೆ. 5 ಕೆಜಿ ಹಸೀದು ಒಣಗಿ ಹೆಚ್ಚುಕಮ್ಮಿ 1 ಕೆಜಿ ಆಗುತ್ತೆ. ಗಾಳಿ ತೆಗೆದ ಕವರಲ್ಲಿ ಹಾಕಿ ಫ್ರೀಜರ್‌ಗೆ ಇಡು. ಮೊದಲ ವರ್ಷ ಬೇರು ಕೂರೋದ್ರಲ್ಲೇ ಹೋಗುತ್ತೆ, ಐದು ಕೆಜಿ ಅಂತ ಭಾವಮೈದನಿಗೆ ಈಗಲೇ ಮಾತು ಕೊಡಬೇಡ.

ತುಮಕೂರು ಮಾಲ್ಟ್

ನಾನೂ ನಿಮ್ಮ ಭಾವಮೈದನ ಕಸುಬಿನವನೇ. ಹಸಿ ಹಾಪ್ಸ್ ಕೊಡೋದಾದ್ರೆ ಕೊಯ್ದ 24 ಗಂಟೆಯೊಳಗೆ ಪಾತ್ರೆಗೆ ಬೀಳಬೇಕು. ರಾಶಿ ಹಾಕಿ ಮೂಟೆ ಕಟ್ಟಿದ್ರೆ ಒಳಗೆ ಕಾವು ಎದ್ದು ಹುಲ್ಲು ಕೊಳೆತ ವಾಸನೆ ಬರುತ್ತೆ. ಬೆಳಗಿನ ಜಾವ ಕೊಯ್ದು, ಟೊಮ್ಯಾಟೊ ಕ್ರೇಟಲ್ಲಿ ಸಡಿಲವಾಗಿ ತುಂಬಿ, ಅದೇ ದಿನ ಬೆಂಗಳೂರು ಮುಟ್ಟಿಸಿ. ಚಿಕ್ಕಬಳ್ಳಾಪುರದಿಂದ ಅದೇನು ದೂರ ಅಲ್ಲ.

ಮನೇಲಿ ಬೆಳೆದ ಹಾಪ್ಸ್‌ನಲ್ಲಿ ಆಲ್ಫಾ ಆಮ್ಲ ಎಷ್ಟಿದೆ ಅಂತ ಲ್ಯಾಬಿಗೆ ಕೊಡದೆ ತಿಳಿಯಲ್ಲ. ಕಹಿ ಬರೋದು ಆ ಆಮ್ಲ ಕುದಿಯೋವಾಗ ರೂಪ ಬದಲಾಯಿಸೋದ್ರಿಂದ, ಅದಕ್ಕೆ ಒಂದು ಗಂಟೆ ಕುದಿ ಬೇಕು. ಅಳತೆ ಗೊತ್ತಿರೋ ಗುಳಿಗೇನ ಮೊದಲಿಗೆ ಹಾಕಿ ಕಹಿ ಕೂರಿಸಿಕೊಳ್ಳೋಕೆ ಹೇಳಿ. ನಿಮ್ಮದನ್ನ ಕೊನೇ ಐದು ನಿಮಿಷಕ್ಕೆ, ಇಲ್ಲ ಒಲೆ ಆರಿಸಿದ ಮೇಲೆ ಹಾಕಲಿ, ಘಮ ಉಳಿಯುತ್ತೆ. ಒಣಗಿದ್ದು ಎಷ್ಟು ಹಾಕ್ತಿದ್ರೋ ಹಸೀದು ಅದರ ಐದರಷ್ಟು.

ಇದನ್ನ ಓದೋ ಬೇರೆಯವರಿಗೂ ಹೇಳ್ತೀನಿ, ಗಿಡ ಬೆಳೆಯಿರಿ, ಬೀರು ಮಾತ್ರ ಮನೇಲಿ ಕಾಯಿಸಬೇಡಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಬೀರೂ ಅದರೊಳಗೇ ಬರುತ್ತೆ. ಮನೇಲಿ ರುಚಿ ನೋಡಬೇಕು ಅಂದ್ರೆ ಒಣಗಿದ ನಾಲ್ಕು ಕಾಯಿ ಬಿಸಿನೀರಲ್ಲಿ ಹಾಕಿ, ಸೋಸಿ, ಆರಿಸಿ, ಸೋಡಾ, ನಿಂಬೆಹುಳಿ ಹಾಕ್ಕೊಂಡು ಕುಡೀರಿ. ವಿದೇಶದಿಂದ ಬೇರುತುಂಡನ್ನ ಸೂಟ್‌ಕೇಸಲ್ಲಿ ತರೋ ಸಾಹಸಾನೂ ಬೇಡ, ಪ್ಲಾಂಟ್ ಕ್ವಾರಂಟೈನ್ ಪರವಾನಗಿ ಬೇಕು. ಆನ್‌ಲೈನಲ್ಲಿ ಹಾಪ್ಸ್ ಬೀಜ ಮಾರ್ತಾರೆ, ಅದರಲ್ಲಿ ಗಂಡು ಗಿಡಾನೂ ಬರುತ್ತೆ, ಗಂಡಿನಿಂದ ಕಾಯಿ ಸಿಗಲ್ಲ.

ಕೋಲಾರದ ಸಂತೆ

ಸರಿ ಅಕ್ಕ, ಹಾಗಲಕಾಯಿ ಸಲಹೆ ವಾಪಸ್ ತಗೊಂಡೆ. ಆದ್ರೆ ಹೊಲದಲ್ಲಿ ಬಲ್ಬ್ ಉರೀತಿದ್ರೆ ಹುಳ ಹುಪ್ಪಟೆ ಎಲ್ಲ ಅಲ್ಲೇ ಬಂದು ಸೇರಲ್ವಾ?

ಸೇವಂತಿಗೆ ತೋಟ

ಸೇರ್ತವೆ ಕಣಣ್ಣ. ಸಾಲಿಗೊಂದು ಬಲ್ಬಿನ ಕೆಳಗೆ ಬಾಣಲೀಲಿ ನೀರು, ಒಂದು ಚೂರು ಸೀಮೆಎಣ್ಣೆ ಇಡು, ಬಿದ್ದು ಸಾಯ್ತವೆ. ತಮ್ಮಾ, ನಿಂಗೂ ಒಂದು ಮಾತು ಬಿಟ್ಟೋಯ್ತು. ತೋಟದಲ್ಲಿ ನಾಯಿ ಇದ್ರೆ ಹಾಪ್ಸ್ ಕಾಯಿ, ಬೀರು ಕಾಯಿಸಿ ಉಳಿದ ಹಾಪ್ಸ್ ಚರಟ ಎರಡನ್ನೂ ಅದಕ್ಕೆ ಸಿಗದಂಗೆ ಇಡು. ನಾಯಿಗೆ ಇದು ವಿಷ, ಮೈ ಕಾವು ಏರಿ ಸತ್ತೇಹೋಗಬಹುದು. ಭಾವಮೈದ ಚರಟಾನ ಗೊಬ್ಬರಕ್ಕೆ ಅಂತ ವಾಪಸ್ ಕಳಿಸಿದ್ರೆ ಗುಂಡಿ ತೋಡಿ ಮುಚ್ಚು.